ಅಬ್ಬಿ ನೀರಿನ ಊರು

ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ಅಟ್ಲಾಸಿನಲ್ಲಿ ಆರು ಊರುಗಳಿಗೆ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದೆ. ತೀರ್ಥಹಳ್ಳಿಯಿಂದ ಒಳಗೆ, ಮಳೆಗಾಲದಲ್ಲಿ ಬಸ್ಸು ನಿಂತೇ ಹೋಗುತ್ತಿದ್ದ ಹಳ್ಳಿ ನಮ್ಮದು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಜಡಿಮಳೆ. ಜಗಲಿಯಲ್ಲಿ ಕುಳಿತು ಅಟ್ಲಾಸಿನ ಹಾಳೆ ತಿರುವುವುದೊಂದೇ ನನಗಿದ್ದ ಪ್ರಯಾಣ. ದೊಡ್ಡವಳಾದ ಮೇಲೆ ಇಲ್ಲೆಲ್ಲಾದರೂ ಮನೆ ಮಾಡುತ್ತೇನೆ ಎಂದು ಗುರುತು ಹಾಕಿಕೊಂಡ ಊರುಗಳು ಅವು: ಲಿಸ್ಬನ್, ಕ್ಯೋಟೋ, ರೇಕ್ಯಾವಿಕ್, ವೆಲ್ಲಿಂಗ್ಟನ್, ವಿಯೆನ್ನಾ, ಮತ್ತೆ ಹಾಳೆಯ ಅಂಚಿನಲ್ಲಿ, ಇನ್ನೊಂದು ಚೂರು ಮೇಲೆ ಹೋದರೆ ಪುಸ್ತಕದಿಂದಲೇ ಹೊರಗೆ ಬೀಳುತ್ತದೇನೋ ಎನ್ನುವಂತಿದ್ದ ಲಾಂಗ್‌ಯೀರ್‌ಬ್ಯೆನ್.

ಲಿಸ್ಬನ್ನಿಗೆ ಚುಕ್ಕೆ ಬಿದ್ದದ್ದು ವಾಸ್ಕೋ ಡ ಗಾಮಾ ಹಡಗು ಹತ್ತಿದ ಊರೆಂದು. ಕ್ಯೋಟೋ ಯಾರೋ ಕೊಟ್ಟ ಕ್ಯಾಲೆಂಡರಿನ ಚಿತ್ರದಿಂದ ಬಂದದ್ದು. ಕಾಮೋ ನದಿಯ ನಡುವೆ ಆಮೆಯಾಕಾರದ ದಾಟುಗಲ್ಲುಗಳು, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುವ ಮಗು. ನಮ್ಮ ಹಳ್ಳದಲ್ಲೂ ಅಂಥವೇ ಕಲ್ಲುಗಳಿದ್ದವು, ಆದರೆ ಆ ಮಗುವಿನ ಕಾಲು ಒದ್ದೆಯಾಗಿರಲಿಲ್ಲ. ಐಸ್‌ಲ್ಯಾಂಡಿನಲ್ಲಿ ನೆಲದೊಳಗಿನ ಬಿಸಿನೀರನ್ನೇ ಕೊಳವೆಯಲ್ಲಿ ಹರಿಸಿ ಮನೆ ಬೆಚ್ಚಗಿಡುತ್ತಾರೆ ಎಂದು ಭೂಗೋಳದ ಮೇಷ್ಟ್ರು ಹೇಳಿದ ದಿನವೇ ರೇಕ್ಯಾವಿಕ್ ಸೇರಿತು. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸಿತ್ತು. ವಿಯೆನ್ನಾಕ್ಕೆ ಯಾಕೆ ಚುಕ್ಕೆ ಇಟ್ಟೆನೋ ನೆನಪಿಲ್ಲ.

ಈಗ ನನಗೆ ಐವತ್ತೆರಡು. ಅಟ್ಲಾಸ್ ಬೆಂಗಳೂರಿನ ನಮ್ಮ ಮನೆಯ ಕಪಾಟಿನಲ್ಲಿದೆ. ಆರು ಚುಕ್ಕೆಗಳಲ್ಲಿ ಎರಡರ ಬಗ್ಗೆ ಮಾತ್ರ ನನಗೆ ಗಟ್ಟಿಯಾಗಿ ಹೇಳಲು ಏನಾದರೂ ಇದೆ. ಒಂದರಲ್ಲಿ ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ಬದುಕಿದೆ, ಇನ್ನೊಂದರಲ್ಲಿ ಅಮ್ಮನ ಜೊತೆ ಎರಡೂವರೆ ತಿಂಗಳು ಇದ್ದು ಬಂದೆ.

ಮನಸ್ಸಿನಲ್ಲಿ ಬದುಕಿದ್ದು ಲಾಂಗ್‌ಯೀರ್‌ಬ್ಯೆನ್‌ನಲ್ಲಿ. ಮೂವತ್ತರ ಆಸುಪಾಸಿನಲ್ಲಿ ಒಂದು ದೇಶಕ್ಕೆ ಹಾಕಿದ ನನ್ನ ವೀಸಾ ಅರ್ಜಿ ತಿರಸ್ಕೃತವಾಗಿ ಬಂತು. ನನ್ನಂಥವರನ್ನು ಬಾಗಿಲಲ್ಲೇ ನಿಲ್ಲಿಸದ ಜಾಗ ಈ ಭೂಮಿಯ ಮೇಲೆ ಎಲ್ಲಾದರೂ ಇದೆಯೇ ಎಂದು ಹಟ ಹಿಡಿದು ಹುಡುಕಿದೆ. ಇದೆ. ಲಾಂಗ್‌ಯೀರ್‌ಬ್ಯೆನ್ ಇರುವ, ಉತ್ತರ ಧ್ರುವಕ್ಕೆ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳು ನಾರ್ವೆಯ ಆಡಳಿತದಲ್ಲಿವೆ. ಆದರೂ ಅಲ್ಲಿ ವಾಸಿಸಲು ಯಾವ ದೇಶದವರಿಗೂ ವೀಸಾ ಬೇಡ, ಪರವಾನಗಿ ಬೇಡ. ಇದರ ಬೇರು 1920ರಲ್ಲಿ ಪ್ಯಾರಿಸ್ಸಿನಲ್ಲಿ ಸಹಿಯಾದ ಒಪ್ಪಂದದಲ್ಲಿದೆ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಆಗಲೇ ಅದರೊಳಗೆ ಬಂದಿತ್ತು. 2008ರಲ್ಲಿ ಅಲ್ಲಿಯ ನ್ಯೂ ಓಲೆಸುಂಡ್‌ನಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಶುರುವಾದಾಗ, ನಮ್ಮೂರಿನವರೇ ಯಾರೋ ಅಲ್ಲಿ ಗೃಹಪ್ರವೇಶ ಮಾಡಿದಷ್ಟು ಸಂತೋಷಪಟ್ಟಿದ್ದೆ.

ದ್ವೀಪಕ್ಕೆ ವೀಸಾ ಬೇಡವಾದರೂ ಅಲ್ಲಿಗೆ ಹೋಗುವ ವಿಮಾನ ನಾರ್ವೆಯ ಮೇಲೆಯೇ ಹೋಗಬೇಕು, ಅದಕ್ಕೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕು. ಮನೆಗೆ ಬೀಗವಿಲ್ಲ, ಓಣಿಗೆ ಬೀಗ. ಆದರೂ ಓದುತ್ತಲೇ ಹೋದೆ. 78 ಡಿಗ್ರಿ ಉತ್ತರ ಅಕ್ಷಾಂಶ, ಎರಡೂವರೆ ಸಾವಿರದಷ್ಟು ಜನ, ಐವತ್ತಕ್ಕೂ ಹೆಚ್ಚು ದೇಶದವರು. ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಫೆಬ್ರುವರಿ ನಡುವಿನವರೆಗೆ ಮೂಡುವುದಿಲ್ಲ. ಮೂಡಿದ ಮೇಲೂ ಬೆಟ್ಟಗಳ ಮರೆ. ಊರಿಗೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಈಗಿಲ್ಲದ ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಹತ್ತಿರ ಊರೆಲ್ಲ ಸೇರಿ ಆ ಬಿಸಿಲಿಗಾಗಿ ಕಾದು ನಿಲ್ಲುತ್ತದೆ. ಕಲ್ಲಿದ್ದಲ ಗಣಿಯ ಕಾಲದಿಂದ ಬಂದ ರೂಢಿಯಂತೆ, ವಸ್ತುಸಂಗ್ರಹಾಲಯಕ್ಕೆ ಹೋಗುವಾಗಲೂ ಬಾಗಿಲಲ್ಲೇ ಬೂಟು ಕಳಚಬೇಕು. ಇದನ್ನು ಓದಿದಾಗ ಆ ಊರಿನ ಮೇಲೆ ನನಗೆ ಮಮತೆಯೇ ಹುಟ್ಟಿತು. ಊರಿನ ಗಡಿ ದಾಟಿದರೆ ಹಿಮಕರಡಿಯ ಭಯಕ್ಕೆ ಬಂದೂಕು ಹೊಂದಿದವರ ಜೊತೆ ಹೋಗಬೇಕು. ಅದೂ ಪರವಾಗಿಲ್ಲ ಅನ್ನಿಸಿತು.

ಆ ಕನಸಿನಿಂದ ಎಬ್ಬಿಸಿದ್ದು ಬೇರೆ. ಅಲ್ಲಿ ಸಾಯುವುದನ್ನು ಕಾನೂನು ನಿಷೇಧಿಸಿದೆ ಎಂದು ಅಲ್ಲಿ ಇಲ್ಲಿ ಬರೆಯುತ್ತಾರೆ, ಅದು ಉತ್ಪ್ರೇಕ್ಷೆ. ನಿಜ ಸಂಗತಿ ಇನ್ನೂ ಸರಳವಾಗಿದೆ. ನೆಲದೊಳಗಿನ ಮಂಜು ಎಂದೂ ಕರಗದ ಕಾರಣ ಹೂತದ್ದು ಕೊಳೆಯದೆ ಮೇಲಕ್ಕೆ ಬರುತ್ತದೆ. ಹಾಗಾಗಿ ಸುಮಾರು 1950ರಿಂದ ಶವಪೆಟ್ಟಿಗೆ ಹೂಳುವುದನ್ನು ನಿಲ್ಲಿಸಿದ್ದಾರೆ; ಅನುಮತಿ ಪಡೆದು ಚಿತಾಭಸ್ಮದ ಕುಡಿಕೆಯನ್ನಷ್ಟೇ ಇಡಬಹುದು. ಬಸುರಿಯರು ದಿನ ತುಂಬುವ ಕೆಲವು ವಾರ ಮೊದಲೇ ಮುಖ್ಯ ನಾರ್ವೆಗೆ ಹೋಗುತ್ತಾರೆ. ವೃದ್ಧರನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲ. ತನ್ನ ಖರ್ಚನ್ನು ತಾನು ನೋಡಿಕೊಳ್ಳಲಾಗದವರನ್ನು ಗವರ್ನರ್ ದ್ವೀಪದಿಂದ ಹೊರಗೆ ಕಳಿಸಬಹುದು. ಎಲ್ಲರಿಗೂ ಬಾಗಿಲು ತೆರೆದಿರುವ ಊರು ಕೈಕಾಲು ಗಟ್ಟಿಯಿರುವವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಇದನ್ನು ಅವರು ಮುಚ್ಚಿಟ್ಟಿಲ್ಲ, ಮೊದಲೇ ಹೇಳುತ್ತಾರೆ. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ನಾನು ಇದನ್ನು ಓದಿದ್ದು ಅಪ್ಪ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ವರ್ಷ. ಬೆಳಿಗ್ಗೆ ಅವರಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿ, ರಾತ್ರಿ ಬಂದು ಕಂಪ್ಯೂಟರಿನಲ್ಲಿ ಆ ಹಿಮದ ಬೀದಿ ನೋಡಲು ಮನಸ್ಸೇ ಬರುತ್ತಿರಲಿಲ್ಲ. ಅಲ್ಲಿ ಅಪ್ಪನಿಗೆ ಜಾಗವಿರಲಿಲ್ಲ. ಮುಂದೊಂದು ದಿನ ನನಗೂ ಇರುವುದಿಲ್ಲ.

ಅಂದಿನಿಂದ ಯಾವ ಊರಿನ ಚಿತ್ರ ನೋಡಿದರೂ ನನ್ನ ಕಣ್ಣು ಹುಡುಕುವುದು ಮುದುಕರನ್ನು. ಲಿಸ್ಬನ್ನಿನ ಏರು ಬೀದಿಗಳ ಕಲ್ಲುಹಾಸು ಚಂದವೇ, ಆದರೆ ಮಳೆ ಬಿದ್ದ ಮೇಲೆ ಮಂಡಿ ನೋವಿನವರು ಅದರ ಮೇಲೆ ಹೇಗೆ ಇಳಿಯುತ್ತಾರೆ?

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಂಡಿ ಸವೆದಿದೆ. ಇಳಿದರೆ ಹತ್ತುವುದು ಕಷ್ಟ, ಹತ್ತಿದರೆ ಇಳಿಯುವ ಮನಸ್ಸಿಲ್ಲ. ಕೆಳಗಿಳಿದರೂ ಹೋಗುವುದೆಲ್ಲಿಗೆ? ನಮ್ಮ ಬೀದಿಯ ಕಾಲುದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ಮರಳಿನ ರಾಶಿ ಇದೆ, ನಿಲ್ಲಿಸಿದ ಸ್ಕೂಟರುಗಳಿವೆ. ಕೂರಲು ಒಂದು ಕಟ್ಟೆ ಇಲ್ಲ. ದಿನಕ್ಕೆ ಮೂರು ಹೊತ್ತು ಅಂಗಳ, ತೋಟ, ಕೊಟ್ಟಿಗೆ ಎಂದು ಓಡಾಡಿದ ಜೀವ ಬಾಲ್ಕನಿಯ ಕಂಬಿ ಹಿಡಿದು ನಿಂತು ಹಾಲಿನ ವ್ಯಾನು ಬಂದದ್ದು, ಕಸದ ಗಾಡಿ ಹೋದದ್ದು ನೋಡುತ್ತಿತ್ತು. ಆಫೀಸಿನಿಂದ ಬಂದ ಕೂಡಲೇ ನನಗೆ ಅದರ ವರದಿ. ಆ ವರದಿ ಕೇಳುವಾಗ ಆಗುತ್ತಿದ್ದ ಸಂಕಟವನ್ನು ಅಮ್ಮನಿಗೆ ನಾನು ಎಂದೂ ಹೇಳಿಲ್ಲ.

ಮೂರು ವರ್ಷದ ಹಿಂದೆ ತಮ್ಮ ವಿಯೆನ್ನಾಕ್ಕೆ ಕೆಲಸದ ಮೇಲೆ ಹೋದ. ಆ ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೊರಟೆ. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅವರ ಮೊದಲ ವಿಮಾನಯಾನ. ಚೀಲದಲ್ಲಿ ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಬತ್ತಿ ಹೊಸೆಯಲು ಅರಳೆ, ಮತ್ತೆ ಅವರ ತಾಮ್ರದ ತಂಬಿಗೆ. ತಮ್ಮನ ಮನೆ ನಗರದ ಉತ್ತರಕ್ಕಿರುವ ಹೈಲಿಗನ್‌ಸ್ಟಾಟ್ ಭಾಗದಲ್ಲಿ. ತಲುಪಿದ ರಾತ್ರಿ ಅಮ್ಮ ಕಾಯಿಸಿ ಆರಿಸಿದ ನೀರು ಕೇಳಿದರು. ತಮ್ಮ ನಕ್ಕು, ಅಡುಗೆಮನೆಯ ನಲ್ಲಿ ತಿರುಗಿಸಿ ತಂಬಿಗೆ ತುಂಬಿ ಕೊಟ್ಟ. ಅಮ್ಮ ಅನುಮಾನದಿಂದ ಒಂದು ಗುಟುಕು ಕುಡಿದರು. ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು ನುಂಗಿದರು. ಇನ್ನೊಂದು ಗುಟುಕು. ಆಮೇಲೆ ತಂಬಿಗೆಯನ್ನು ಕೆನ್ನೆಗೆ ಒತ್ತಿಕೊಂಡು ಹೇಳಿದರು: “ಇದು ಅಬ್ಬಿ ನೀರು ಕಣೋ.”

ಮಲೆನಾಡಿನ ಹೊರಗಿನವರಿಗೆ ಅಬ್ಬಿ ನೀರು ಎಂದರೆ ಏನೆಂದು ಹೇಳಬೇಕು. ನಮ್ಮ ಮನೆಯ ಹಿಂದೆ ಗುಡ್ಡ, ಗುಡ್ಡದ ಅರ್ಧದಲ್ಲಿ ಒಂದು ಒರತೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ದೋಣಿ ಮಾಡಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಕೊಟ್ಟು, ಕವೆಗೋಲುಗಳ ಮೇಲೆ ಕೂರಿಸಿ, ಆ ನೀರನ್ನು ಮನೆಯ ಹಿತ್ತಲಿಗೆ ತರುತ್ತಿದ್ದರು. ಅದು ಹಗಲೂ ರಾತ್ರಿ ಕಲ್ಲುಮರಿಗೆಗೆ ಬೀಳುತ್ತಿತ್ತು. ಹಗ್ಗವಿಲ್ಲ, ರಾಟೆಯಿಲ್ಲ, ಮೋಟಾರಿಲ್ಲ. ಅದರ ಸದ್ದು ಕೇಳಿಸುತ್ತಿದ್ದರೆ ನಮಗೆ ನಿದ್ದೆ, ನಿಂತರೆ ಎಚ್ಚರ. ದೋಣಿಗೆ ಎಲೆ ಸಿಕ್ಕಿ ನೀರು ನಿಂತಿತೆಂದರೆ ಅಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು. ಮೇಲಿನ ಕಾಡು ಕಡಿದು ಅಕೇಶಿಯಾ ನೆಟ್ಟ ಮೇಲೆ ವರ್ಷದಿಂದ ವರ್ಷಕ್ಕೆ ಧಾರೆ ಸಣ್ಣದಾಯಿತು. ಅದೇ ಕಾರಣ ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಆಮೇಲೆ ಬಾವಿಗೆ ಮೋಟಾರು ಬಂತು, ದೋಣಿಗಳು ಬಚ್ಚಲ ಒಲೆ ಸೇರಿದವು.

ನಾಲಗೆಯ ನೆನಪನ್ನು ಕಡಿಮೆ ಅಂದಾಜು ಮಾಡಬಾರದು. ಮರುದಿನ ತಮ್ಮನನ್ನು ಕೂರಿಸಿಕೊಂಡು ವಿಯೆನ್ನಾದ ನೀರಿನ ಕಥೆ ಓದಿದಾಗ ಅಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಆ ನಗರ ಕೆಟ್ಟ ಬಾವಿ ನೀರು ಕುಡಿದು ಕಾಲರಾದಿಂದ ಸಾಯುತ್ತಿತ್ತು. ಎಡ್ವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ, ನಗರಸಭೆಯ ಸದಸ್ಯನೂ ಆಗಿದ್ದವನು, ದೂರದ ಆಲ್ಪ್ಸ್ ಬೆಟ್ಟಗಳ ಒರತೆಗಳಿಂದಲೇ ನೀರು ತರಬೇಕೆಂದು ಪಟ್ಟು ಹಿಡಿದ. 1873ರ ಅಕ್ಟೋಬರ್ 24ರಂದು ಶ್ವಾರ್ಟ್ಸೆನ್‌ಬರ್ಗ್ ಚೌಕದಲ್ಲಿ ಕಾರಂಜಿ ಚಿಮ್ಮಿತು. ಸುಮಾರು 95 ಕಿಲೋಮೀಟರ್ ದೂರದಿಂದ ಬಂದ ಬೆಟ್ಟದ ನೀರು ಅದು. 1910ರಲ್ಲಿ ಎರಡನೇ ಮಾರ್ಗ, ಸುಮಾರು 180 ಕಿಲೋಮೀಟರ್; ನೀರು ಒರತೆ ಬಿಟ್ಟು ಊರು ಸೇರಲು ಒಂದೂವರೆ ದಿನ ತೆಗೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಅದು ಇಳಿಜಾರನ್ನೇ ನಂಬಿ ತಾನಾಗಿ ಹರಿದು ಬರುತ್ತದೆ. ಇಳಿಯುತ್ತ ಇಳಿಯುತ್ತ ಒಂದಿಷ್ಟು ವಿದ್ಯುತ್ತನ್ನೂ ಕೊಡುತ್ತದೆ. ಒರತೆಗಳ ಮೇಲಿನ ಸಾವಿರಾರು ಹೆಕ್ಟೇರ್ ಕಾಡನ್ನು ನಗರವೇ ನೋಡಿಕೊಳ್ಳುತ್ತದೆ. ಅಲ್ಲಿ ಮರಕ್ಕಿಂತ ನೀರಿನ ಮಾತು ಮೊದಲು. ಇದನ್ನು ಓದಿ ಹೇಳಿದಾಗ ಅಮ್ಮ, “ನಿಮ್ಮಪ್ಪ ಹೇಳುತ್ತಿದ್ದದ್ದೂ ಅದನ್ನೇ” ಎಂದು ಸುಮ್ಮನಾದರು.

ಇದೇ ಸ್ಯೂಸ್, ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕಗಳು ಒಂದು ಕಾಲದಲ್ಲಿ ಒಂದೇ ನೆಲವಾಗಿದ್ದವು ಎಂದು ಕಂಡು, ನಮ್ಮ ಗೊಂಡರ ನಾಡಿನ ಹೆಸರಿನಲ್ಲಿ ಅದನ್ನು ಗೊಂಡ್ವಾನಾ ಭೂಖಂಡ ಎಂದು ಕರೆದವನು. ಅಷ್ಟು ದೂರ ನೋಡುವ ಕಣ್ಣು ಬಾಣಂತಿಯ ಲೋಟದ ನೀರನ್ನೂ ನೋಡಿತಲ್ಲ ಎಂದು ನನಗೆ ಅವನ ಮೇಲೆ ಪ್ರೀತಿ.

ನಮ್ಮ ಬೆಂಗಳೂರಿನ ನೀರು ಬರುವ ದಾರಿ ಇದಕ್ಕೆ ತಿರುವುಮುರುವು. ಕಾವೇರಿ ಕೆಳಗೆ, ನಾವು ಮೇಲೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪು ಮಾಡಿ ಹತ್ತಿಸಬೇಕು. ಅದು ಅಮ್ಮನ ಮಂಡಿಯ ಹಾಗೆ ಏದುಸಿರು ಬಿಡುತ್ತ ಹತ್ತಿ ಬರುವ ನೀರು. ನಲ್ಲಿ ತೆರೆದಿಟ್ಟು ಹಲ್ಲುಜ್ಜುವುದನ್ನು ನಾನು ಆ ಬೇಸಿಗೆಯಲ್ಲೇ ಬಿಟ್ಟೆ.

ವಿಯೆನ್ನಾದಲ್ಲಿ ಅಮ್ಮ ನಡೆಯಲು ಶುರು ಮಾಡಿದರು. ಇದನ್ನು ಬರೆಯುವಾಗ ಈಗಲೂ ನನ್ನ ಕೊರಳು ಕಟ್ಟುತ್ತದೆ. ತಮ್ಮನ ಮನೆಯಿಂದ ಮೆಟ್ರೋ ನಿಲ್ದಾಣದವರೆಗೆ ನಾನು ಬೆಂಚುಗಳನ್ನು ಎಣಿಸಿದೆ: ಹನ್ನೊಂದು. ಅಮ್ಮ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು, ಕೂತು ಉಸಿರು ತೆಗೆದುಕೊಂಡು ಮತ್ತೆ ಏಳುತ್ತಿದ್ದರು. ದಾಟುಗಲ್ಲುಗಳ ಮೇಲೆ ಹಳ್ಳ ದಾಟಿದ ಹಾಗೆ. ಕುಡಿಯಲು ಬೀದಿ ಬದಿಯಲ್ಲಿ ಅದೇ ಬೆಟ್ಟದ ನೀರಿನ ನಲ್ಲಿ. ಊರಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ. ರಸ್ತೆ ದಾಟುವಲ್ಲಿ ಕಾಲುದಾರಿಯ ಅಂಚು ತಗ್ಗಿಸಿರುತ್ತಾರೆ, ಟ್ರಾಮಿನ ಬಾಗಿಲು ಹಲವು ಕಡೆ ನೆಲದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಇವು ತಾವಾಗಿ ಆದವಲ್ಲ. 1991ರಲ್ಲಿ ಎವಾ ಕೈಲ್ ಎಂಬ ನಗರಯೋಜಕಿ ಮತ್ತು ಅವರ ಜೊತೆಗಾರರು ಎಂಟು ಹೆಂಗಸರ ದಿನಚರಿಯನ್ನು ಹಿಂಬಾಲಿಸಿ ಒಂದು ಛಾಯಾಚಿತ್ರ ಪ್ರದರ್ಶನ ಮಾಡಿದರು: ಮಗುವಿನ ಗಾಡಿ ತಳ್ಳುವವಳು, ಸಂತೆಚೀಲ ಹೊತ್ತವಳು, ಗಾಲಿಕುರ್ಚಿಯವಳು ಇದೇ ಊರಿನಲ್ಲಿ ಹೇಗೆ ಓಡಾಡುತ್ತಾರೆ ನೋಡಿ ಎಂದು. ಅಲ್ಲಿಂದ ಮುಂದೆ ಕಾಲುದಾರಿಯ ಅಗಲ, ಬೀದಿದೀಪ, ಉದ್ಯಾನದ ಬೆಂಚು ಎಲ್ಲವನ್ನೂ ಆ ಕಣ್ಣಿನಿಂದ ನೋಡುವುದು ನಗರಾಡಳಿತದ ಕೆಲಸವೇ ಆಯಿತು.

ನಡೆದು ನಡೆದು ಅಮ್ಮ ತಮಗೊಂದು ಜಾಗ ಹುಡುಕಿಕೊಂಡರು: ಕಾರ್ಲ್ ಮಾರ್ಕ್ಸ್ ಹೋಫ್‌ನ ಅಂಗಳ. ಹೈಲಿಗನ್‌ಸ್ಟಾಟ್ ನಿಲ್ದಾಣದ ಎದುರಿಗೇ ಕೆಂಪು, ಹಳದಿ ಬಣ್ಣದ ಆ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ ಹಬ್ಬಿದೆ. ಮೊದಲ ಮಹಾಯುದ್ಧದ ನಂತರ ಸಮಾಜವಾದಿಗಳು ಆಳಿದ ನಗರಸಭೆ, 1923ರಲ್ಲಿ ಮನೆ ತೆರಿಗೆ ತಂದು, ದೊಡ್ಡ ಬಂಗಲೆಯವರಿಂದ ಹೆಚ್ಚು, ಸಣ್ಣ ಮನೆಯವರಿಂದ ಕಡಿಮೆ ವಸೂಲಿ ಮಾಡಿ ಆ ಹಣದಿಂದ ಕೂಲಿಕಾರರಿಗೆ ಮನೆ ಕಟ್ಟಿಸಿತು. 1934ರ ಹೊತ್ತಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳು. ಕಾರ್ಲ್ ಎನ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ 1930ರಲ್ಲಿ ಉದ್ಘಾಟನೆಯಾದಾಗ ಅದರಲ್ಲಿ 1,382 ಮನೆಗಳಿದ್ದವು. ಜೊತೆಗೆ ಬಟ್ಟೆ ಒಗೆಯುವ ಸಾಲೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ. ಕಟ್ಟಡ ನಿಂತಿರುವುದು ಜಾಗದ ಐದನೇ ಒಂದು ಪಾಲಿಗಿಂತ ಕಡಿಮೆ ನೆಲದ ಮೇಲೆ. ಉಳಿದದ್ದು ಅಂಗಳ, ಮರ, ಹುಲ್ಲು. ಇಂದಿಗೂ ಅಲ್ಲಿ ಜನ ಕಡಿಮೆ ಬಾಡಿಗೆಗೆ ವಾಸಿಸುತ್ತಾರೆ. ವಿಯೆನ್ನಾದ ಅರ್ಧದಷ್ಟು ಜನರ ಮನೆ ನಗರಸಭೆಯದು ಅಥವಾ ಸರ್ಕಾರದ ನೆರವಿನಿಂದ ಕಟ್ಟಿದ್ದು.

ಆ ಅಂಗಳದ ಒಂದು ಬೆಂಚಿನ ಮೇಲೆ ಅಮ್ಮ ಹೂಬತ್ತಿ ಮಾಡುತ್ತ ಕೂರುತ್ತಿದ್ದರು. ಮಡಿಲಲ್ಲಿ ಅರಳೆ. ಒಂದು ಚಿಟಿಕೆ ಕಿತ್ತು ಅಂಗೈಯಲ್ಲಿ ಅಗಲಿಸಿ, ನಡುವಿಗೆ ಕಾಳಿನಷ್ಟು ಅರಳೆ ಇಟ್ಟು, ಅಂಚುಗಳನ್ನು ಮೇಲಕ್ಕೆ ಕೂಡಿಸಿ, ವಿಭೂತಿ ಸೋಕಿಸಿದ ಬೆರಳಿನಿಂದ ತುದಿಯನ್ನು ಹೊಸೆದರೆ ಮಲ್ಲಿಗೆ ಮೊಗ್ಗಿನಂಥ ಬತ್ತಿ. ನಾಲ್ಕನೇ ದಿನವೋ ಐದನೇ ದಿನವೋ ಅಲ್ಲಿಯೇ ವಾಸವಿದ್ದ ಒಬ್ಬ ಅಜ್ಜಿ ಪಕ್ಕದಲ್ಲಿ ಬಂದು ಕೂತರು. ಅಮ್ಮನಿಗಿಂತ ಹಿರಿಯರು. ಅಮ್ಮನಿಗೆ ಜರ್ಮನ್ ಬಾರದು, ಅವರಿಗೆ ಕನ್ನಡ ಬಾರದು. ಅಜ್ಜಿ ಸುಮಾರು ಹೊತ್ತು ಕೈಯನ್ನೇ ನೋಡಿದರು, ಆಮೇಲೆ ತಮ್ಮ ಅಂಗೈ ಚಾಚಿದರು. ಅಮ್ಮ ಒಂದು ಚಿಟಿಕೆ ಅರಳೆ ಇಟ್ಟರು. ಅವರ ಮೊದಲ ಬತ್ತಿ ಬಿಚ್ಚಿಹೋಯಿತು, ಎರಡನೆಯದು ನಿಂತಿತು. ಮರುದಿನ ಅಜ್ಜಿ ಔಷಧಿ ಅಂಗಡಿಯಿಂದ ಒಂದು ದೊಡ್ಡ ಸುರುಳಿ ಹತ್ತಿ ತಂದಿದ್ದರು. ನಾವು ಹೊರಡುವ ಹೊತ್ತಿಗೆ ಇಬ್ಬರೂ ಸೇರಿ ಕಾರ್ತಿಕ ಮಾಸಕ್ಕೆಲ್ಲ ಆಗುವಷ್ಟು ಬತ್ತಿ ಮಾಡಿಟ್ಟಿದ್ದರು.

ಅದೇ ಅಂಗಳಕ್ಕೆ ಇನ್ನೊಂದು ನೆನಪೂ ಇದೆ. ಅಲ್ಲಿಯ ಹಳೆಯ ಒಗೆಯುವ ಸಾಲೆಯೊಂದರಲ್ಲಿ ಈಗ ಸಣ್ಣ ವಸ್ತುಸಂಗ್ರಹಾಲಯವಿದೆ. ತಮ್ಮನ ಜೊತೆ ಅದನ್ನು ನೋಡಿದ ದಿನ ಬಹಳ ಹೊತ್ತು ಮಾತಾಡಲಾಗಲಿಲ್ಲ. 1934ರ ಫೆಬ್ರುವರಿಯ ಅಂತರ್ಯುದ್ಧದಲ್ಲಿ ಸೈನ್ಯ ಈ ಮನೆಗಳ ಮೇಲೆಯೇ ಫಿರಂಗಿ ಹಾರಿಸಿತು. 1938ರಲ್ಲಿ ನಾಜಿಗಳು ಬಂದ ಮೇಲೆ ನಗರಸಭೆಯ ಮನೆಗಳಲ್ಲಿದ್ದ ಯಹೂದಿ ಕುಟುಂಬಗಳನ್ನು ಹೊರಗೆ ಹಾಕಿದರು. ಇದೇ ಮೆಟ್ಟಿಲು, ಇದೇ ಬಾಗಿಲು. ಬಡವರಿಗೆಂದು ಅಷ್ಟು ಅಕ್ಕರೆಯಿಂದ ಕಟ್ಟಿದ ಊರು ಎಂಟೇ ವರ್ಷದಲ್ಲಿ ತನ್ನವರನ್ನೇ ಹೀಗೆ ಹೊರದಬ್ಬಬಲ್ಲದಾದರೆ, ಹೊರಗಿನಿಂದ ಬಂದ ಕಂದು ಬಣ್ಣದ ನನ್ನ ತಮ್ಮನಂಥವರು ಅದನ್ನು ಮರೆಯುವಂತಿಲ್ಲ. ನಗರಸಭೆಯ ಮನೆಗೆ ಅರ್ಜಿ ಹಾಕಲು ಅವನಂಥವರಿಗೆ ದೀರ್ಘಕಾಲದ ವಾಸದ ಹಕ್ಕು ಸಿಗಬೇಕು, ಅದಕ್ಕೆ ಇನ್ನೂ ವರ್ಷಗಳಿವೆ. ಟ್ರಾಮಿನಲ್ಲಿ ಒಮ್ಮೆ ಅಮ್ಮನ ಸೀರೆ ನೋಡಿ ಒಬ್ಬಾತ ಏನೋ ಗೊಣಗಿದ. ತಮ್ಮ ಅದನ್ನು ನಮಗೆ ಅನುವಾದಿಸಲಿಲ್ಲ. ಇದನ್ನೆಲ್ಲ ಬಿಟ್ಟು ಬರೀ ಬೆಂಚು, ಬೆಟ್ಟದ ನೀರು ಎಂದು ಬರೆದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ.

ಆದರೂ ಎಲ್ಲಿ ಬದುಕಬೇಕು ಎಂದು ಇವತ್ತು ಯಾರಾದರೂ ಕೇಳಿದರೆ ನಾನು ಆ ಅಂಗಳವನ್ನೇ ತೋರಿಸುತ್ತೇನೆ. ಅಮ್ಮ ಯಾರ ಕೈಯನ್ನೂ ಹಿಡಿಯದೆ, ಯಾರ ಸಮಯವನ್ನೂ ಕೇಳದೆ, ಬೆಳಿಗ್ಗೆ ಹತ್ತಕ್ಕೆ ಹೊರಗೆ ಹೋಗಿ ಹನ್ನೆರಡಕ್ಕೆ ಬರುತ್ತಿದ್ದರು. ಹದಿನಾಲ್ಕರ ವಯಸ್ಸಿನಲ್ಲಿ ಚುಕ್ಕೆ ಇಡುವಾಗ ನನಗೆ ಸಮುದ್ರ ಬೇಕಿತ್ತು, ಹಿಮ ಬೇಕಿತ್ತು. ಈಗ ಬೇಕಾದದ್ದು ಆ ಎರಡು ಗಂಟೆ.

ಹೊರಡುವ ದಿನ ಅಮ್ಮ ತಂಬಿಗೆ ತುಂಬಿಸಿಕೊಂಡರು. ವಿಮಾನ ನಿಲ್ದಾಣದಲ್ಲಿ ನೀರು ಒಳಗೆ ಬಿಡುವುದಿಲ್ಲ ಎಂದೆ. ತಪಾಸಣೆಯ ಸಾಲಿನಲ್ಲಿ ನಿಂತು ಅಷ್ಟನ್ನೂ ಕುಡಿದು, ಸೆರಗಿನಿಂದ ತಂಬಿಗೆ ಒರೆಸಿ ಚೀಲಕ್ಕೆ ಹಾಕಿದರು.

ಬೆಂಗಳೂರಿಗೆ ಬಂದು ನಾವು ಮನೆ ಬದಲಿಸಿದೆವು. ಈಗಿರುವುದು ನೆಲಮಹಡಿ, ಎದುರಿಗೊಂದು ಸಣ್ಣ ಉದ್ಯಾನ. ದಾಟಬೇಕಾದ ರಸ್ತೆ ಮಾತ್ರ ಇದೆ, ದಾಟಿಸಲು ನಾನಿರಬೇಕು. ನಮ್ಮ ಬೀದಿಗೆ ನಾಲ್ಕು ಬೆಂಚು ಹಾಕಿಸಿ ಎಂದು ವಾರ್ಡಿನ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ, ಮೂರನೆಯದು ಬರೆದಿಟ್ಟಿದ್ದೇನೆ.

ಕಳೆದ ಆಷಾಢದಲ್ಲಿ ಅಮ್ಮ ಊರಿಗೆ ಫೋನ್ ಮಾಡಿಸಿದರು. ಹಳೆಯ ಮನೆಯಲ್ಲಿ ಈಗ ದೊಡ್ಡಪ್ಪನ ಮಗ ಇದ್ದಾನೆ. “ಮಳೆ ಬಿಟ್ಟ ಹೊತ್ತು ನೋಡಿ ಗುಡ್ಡ ಹತ್ತು ಮಾರಾಯ, ಆ ಒರತೆ ಹೇಗಿದೆ ನೋಡಿಕೊಂಡು ಬಾ” ಎಂದರು. ಎರಡು ದಿನ ಕಳೆದು ಅವನಿಂದ ಒಂದು ವಿಡಿಯೊ ಬಂತು. ಕೆಲವು ವರ್ಷದ ಹಿಂದೆ ಅಕೇಶಿಯಾ ಕಡಿದ ಜಾಗದಲ್ಲಿ ಕಾಡುಗಿಡಗಳು ಎದ್ದಿದ್ದವು. ತರಗೆಲೆ ಸರಿಸಿದ ಕಲ್ಲಿನ ಸಂದಿಯಿಂದ ಹೆಬ್ಬೆರಳಿನಷ್ಟು ಧಾರೆ. ಅಮ್ಮ ಮೊಬೈಲನ್ನು ಕಿವಿಗೆ ಹಿಡಿದುಕೊಂಡು ಆ ಸದ್ದನ್ನು ಮೂರು ಸಲ ಕೇಳಿದರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು.

“ಅಲ್ಲಿಂದ ಹಿತ್ತಲಿಗೆ ಎಷ್ಟು ಅಡಿ ಪೈಪು ಬೇಕಾಗುತ್ತದೆ, ಅವನನ್ನು ಕೇಳು.”